ಅಕ್ಕನನ್ನು ಒಂದು ಭಾನುವಾರಕ್ಕೆ ಮನೆಗೆ ತಂದದ್ದು

ಫೋನಿನಲ್ಲಿ ನನ್ನ ಅಕ್ಕ ಎರಡು ವರ್ಷ ನಿದ್ದೆ ಮಾಡಿದಳು. ಅರಕಲಗೂಡು ಕಡೆಯ ನೆಂಟರು ಯಾವಾಗ ವಿಚಾರಿಸಿದರೂ, "ನಮ್ಮನೇಲೇ ಇದ್ದಾಳೆ, ಈಗ ತಾನೇ ಮಲಗಿದ್ಲು" ಎಂದು ನಾನು ಹಾಸನದಿಂದ ವರದಿ ಒಪ್ಪಿಸುತ್ತಿದ್ದೆ. ಅಕ್ಕ ಇದ್ದದ್ದು ಚನ್ನರಾಯಪಟ್ಟಣದ ಒಂದು ವೃದ್ಧಾಶ್ರಮದಲ್ಲಿ. ಮಕ್ಕಳಿಲ್ಲದ, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕನನ್ನು ಅಲ್ಲಿ ಬಿಟ್ಟುಬಂದವನು ನಾನೇ ಎಂಬುದು ನಮ್ಮ ವಂಶದ ಘನತೆಗೆ ಒಗ್ಗುವ ಸುದ್ದಿಯಾಗಿರಲಿಲ್ಲ.

ಅಲ್ಲಿ ಅವಳಿಗೆ ಯಾವುದಕ್ಕೂ ಕಮ್ಮಿಯಿರಲಿಲ್ಲ, ಜಗಳಕ್ಕೂ. ಪಕ್ಕದ ಮಂಚದ ಹೊಳೆನರಸೀಪುರದ ಅಜ್ಜಿಗೆ ಫ್ಯಾನ್ ಬೇಕು, ಅಕ್ಕನಿಗೆ ಬೇಡ. ಇಬ್ಬರೂ ಇದನ್ನು ನಿತ್ಯಪೂಜೆಯಂತೆ ತಪ್ಪದೆ ನಡೆಸಿಕೊಂಡು ಬಂದಿದ್ದರು.

ಅಕ್ಕನ ಕ್ಯಾನ್ಸರ್ ಮೂಳೆಗೆ ಇಳಿದ ಮೇಲೆ ಆಶ್ರಮದ ಡಾಕ್ಟರು, "ಇನ್ನು ಆಸ್ಪತ್ರೆ ಬೇಡ. ನೋವಿಲ್ಲದ ಹಾಗೆ ಇಲ್ಲೇ ನೋಡ್ಕೊಳ್ಳೋಣ" ಎಂದರು. ಅದೇ ವಾರ ಮಲ್ಲಿಪಟ್ಟಣದಿಂದ ದೊಡ್ಡಪ್ಪನ ಮಗನ ಫೋನು. ನನಗೆ ಅಣ್ಣನಾಗಬೇಕು. "ಭಾನುವಾರ ಎಲ್ರೂ ಬತ್ತೀವಿ ಕಣ್ಲಾ, ಅಕ್ಕನ್ನ ನೋಡಕ್ಕೆ."

ನಾನು ಶನಿವಾರಕ್ಕೇ ವ್ಯಾನ್ ಗೊತ್ತುಮಾಡಿದೆ. "ಅಲ್ಲಾಡಿಸ್ಬೇಡಿ ಸಾ, ತಡ್ಕೊಳ್ಳಲ್ಲ ಅವ್ರು" ಎಂದರು ಆಶ್ರಮದ ನರ್ಸಮ್ಮ. "ಕೊನೇಗಾಲದಲ್ಲಿ ಮನುಷ್ಯನಿಗೆ ಮನೆ ಅಂತ ಒಂದು ಇರ್ಬೇಕಲ್ಲಮ್ಮ" ಎಂದು ನಾನು ಗಂಟಲು ಗದ್ಗದ ಮಾಡಿಕೊಂಡು ಉಪದೇಶಿಸಿದೆ. ದಾರಿಯ ಪ್ರತಿಯೊಂದು ಉಬ್ಬಿಗೂ ಅಕ್ಕ ನನ್ನ ಕೈ ಹಿಂಡುತ್ತಿದ್ದಳು.

ಹೀಗೆ ನಡುಮನೆಯಲ್ಲಿ, ಹೊಸ ಬೆಡ್‌ಶೀಟಿನ ಮೇಲೆ, ಅಕ್ಕನ ಪ್ರತಿಷ್ಠಾಪನೆಯಾಯಿತು. ನೆಂಟರು ಬನ್ನು, ಮೂಸಂಬಿ, ಎಳನೀರು ಹಿಡಿದು ಬಂದರು. ಅವಳಿಗೆ ಒಂದು ಗುಟುಕು ನೀರೂ ಇಳಿಯುತ್ತಿರಲಿಲ್ಲ. "ತಮ್ಮ ಅಂದ್ರೆ ನೀನು ಕಣ್ಲಾ" ಎಂದು ಅಣ್ಣ ನನ್ನ ಬೆನ್ನು ತಟ್ಟಿದ. ನಾನು ತಲೆ ತಗ್ಗಿಸಿ ವಿನಯವನ್ನೂ ಪ್ರದರ್ಶನಕ್ಕಿಟ್ಟೆ.

ಅಕ್ಕ ಕಣ್ಣು ಬಿಟ್ಟು, ಮುಖ ಕಿವುಚಿ, "ನನ್ನ ಜಾಗಕ್ಕೆ ಬುಡ್ರಪ್ಪ" ಎಂದಳು.

"ಊರು ಕೇಳ್ತಾವ್ಳೆ!" ಅಣ್ಣ ಕಣ್ಣೊರೆಸಿಕೊಂಡ. "ಮಲ್ಲಿಪಟ್ಣಕ್ಕೇ ಕರ್ಕೊಂಡೋಗಾಣ. ನಮ್ ಗಾಡಿ ಐತಲ್ಲ, ಇಂದ್ಗಡೆ ಸೀಟು ಮಡಚಿದ್ರೆ ಮಲಗ್ಬೋದು. ಇಡ್ಕಳ್ರೋ, ಎತ್ತಾಣ."

ಬೆಡ್‌ಶೀಟಿನ ಒಂದೊಂದು ಮೂಲೆಗೂ ಒಬ್ಬೊಬ್ಬರು ನಿಂತು ಎತ್ತಿದರು. ಅಕ್ಕ ಚೀರಿಕೊಂಡಳು. ಅದಕ್ಕಿಂತ ಮೊದಲೇ ನಾನು ಬಾಯಿ ಬಿಡಬಹುದಿತ್ತು, ಬಿಡಲಿಲ್ಲ.

"ಇಳಿಸಿ" ಎಂದೆ. "ಅವಳು ಕೇಳ್ತಿರೋದು ಊರಲ್ಲ. ಚನ್ನರಾಯಪಟ್ಟಣದ ಆಶ್ರಮ. ಎರಡು ವರ್ಷದಿಂದ ಅಲ್ಲೇ ಇದ್ಲು. ನಿಮಗೆ ತೋರಿಸೋಕೆ ಅಂತ ನಿನ್ನೆ ವ್ಯಾನ್ ಮಾಡಿ ತಂದೆ."

ಯಾರೂ ಬೈಯಲಿಲ್ಲ. ಬೈದಿದ್ದರೆ ಸಮಜಾಯಿಷಿ ಸಿದ್ಧವಿತ್ತು. ಅಣ್ಣ, ನನ್ನ ಬೆನ್ನು ತಟ್ಟಿದ ಕೈಯನ್ನು ಪಂಚೆಗೆ ಒರೆಸಿಕೊಂಡು, "ಆ ವ್ಯಾನ್ನೋನ್ನ ಕರೀಲಾ" ಎಂದ, ಅಷ್ಟೇ.

ಸಂಜೆ ಆಶ್ರಮದಲ್ಲಿ ಅವಳನ್ನು ಅವಳ ಮಂಚದ ಮೇಲೆ ಮಲಗಿಸಿದಾಗ ನರ್ಸಮ್ಮ ನನ್ನ ಮುಖ ನೋಡದೆ ಅಕ್ಕನಿಗೆ ಇಂಜೆಕ್ಷನ್ ಕೊಟ್ಟರು. ಪಕ್ಕದ ಅಜ್ಜಿ ಗೋಡೆ ಹಿಡಿದುಕೊಂಡು ಎದ್ದು, ತಾವಾಗಿಯೇ ಫ್ಯಾನ್ ಆರಿಸಿದರು.

"ಎಲ್ಲಿಗೋಗಿದ್ದೆ, ನನ್ ಬುಟ್ಟು?"

"ನೆಂಟ್ರ ಮನೆಗೆ" ಎಂದಳು ಅಕ್ಕ.

ಬನ್ನಿನ ಚೀಲ ನನ್ನ ಕೈಯಲ್ಲೇ ಇತ್ತು. ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಬುಧವಾರ, ಅದೇ ಮಂಚದಲ್ಲಿ ಅವಳು ಹೋದಳು. ಎಲ್ಲಿ ತೀರಿಕೊಂಡರು ಎಂದು ಯಾರಾದರೂ ಕೇಳಿದರೆ, ಈಗಲೂ ನನ್ನ ನಾಲಿಗೆ ಮೊದಲು ಹಾಸನ ಎನ್ನಲು ಹೊರಡುತ್ತದೆ. ಹಿಡಿದು ನಿಲ್ಲಿಸಬೇಕು.