ಕೊನೆಯ ಪಂಕ್ತಿಯ ಮಾವ

ಮಾವನ ಕತ್ತು ಯಾವಾಗಲೂ ಒಂದಿಷ್ಟು ಬಲಕ್ಕೆ ತಿರುಗಿಯೇ ಇರುತ್ತಿತ್ತು. ನಾಶಿಕದ ಅವರ ಹೋಟೆಲಿನಲ್ಲಿ ಗಲ್ಲಾ ಬಾಗಿಲಿನ ಎಡಕ್ಕೆ, ಟೇಬಲ್ಲುಗಳೆಲ್ಲ ಬಲಕ್ಕೆ. ಯಾರ ತಟ್ಟೆ ಖಾಲಿಯಾಯಿತು, ಯಾರಿಗೆ ಚಟ್ನಿ ಬೇಕು ಎಂದು ಹರೆಯದಿಂದ ನೋಡಿ ನೋಡಿ ಕತ್ತು ಹಾಗೆಯೇ ಕೂತುಬಿಟ್ಟಿತ್ತು. ಮದುವೆಯ ಫೋಟೋಗಳಲ್ಲಿ ನೋಡಬೇಕು, ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರೆ ನಮ್ಮ ಮಾವ ಊಟದ ಹಾಲಿನ ಕಡೆ ನೋಡುತ್ತಿರುತ್ತಾರೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಜ್ಜಿಯನ್ನು ನೋಡಿಕೊಂಡು ಕುಂದಾಪುರದ ಕಡೆಯ ನಮ್ಮೂರಿನಲ್ಲೇ ಉಳಿದಳು. ನನ್ನನ್ನು ಓದಲಿಕ್ಕೆಂದು ತನ್ನ ಅಣ್ಣನ ಬಳಿ ಕಳಿಸಿದಳು. ಹಾಗೆ ನಾನು ಹೋಟೆಲಿನ ಮೇಲಿನ ಕೋಣೆಗಳಲ್ಲಿ ಮಾವ, ಅತ್ತೆ, ಅವರ ಮಗ ಪ್ರಜ್ವಲನ ಜೊತೆ ಬೆಳೆದೆ. ಪ್ರಜ್ವಲನಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿ ತೆರೆದರೆ ಮಾತ್ರ ಮರಾಠಿ. ನನಗೋ ಎರಡರಲ್ಲೂ ಜಗಳವಾಡಲು ಬರುತ್ತದೆ. "ಇವಳನ್ನು ಗಲ್ಲಾದಲ್ಲಿ ಕೂರಿಸಿದ್ರೆ ಗಿರಾಕಿ ಹಿಂದಿನ ಬಾಗಿಲಲ್ಲಿ ಓಡ್ತಾರೆ" ಎಂದು ಮಾವ ನಗುತ್ತಿದ್ದರು. ಆದರೆ ನನ್ನ ಕಾಲೇಜಿನ ವಿಷಯಕ್ಕೆ ನೆಂಟರು ಮೂಗು ತೂರಿಸಿದಾಗ ಅವರ ಬಾಯಿ ಮುಚ್ಚಿಸಿದವರು ಅದೇ ಮಾವ.

ಅವರದೊಂದು ಹಟ. ಗಿರಾಕಿಗಳದ್ದು, ಕೆಲಸದವರದ್ದು, ಮನೆಯವರದ್ದು ಎಲ್ಲ ಆದ ಮೇಲೆಯೇ ಅವರ ಊಟ. ಕೇಳಿದರೆ, "ಹಸಿದವರ ಎದುರು ಕೂತು ಜಗಿಯೋದು ಎಂಥ ಚಂದ ಮಾರಾಯ್ತಿ?" ಸಕ್ಕರೆ ಕಾಯಿಲೆ ಬಂದು ಇನ್ಸುಲಿನ್ ಶುರುವಾದ ಮೇಲೂ ಹಟ ಬಿಡಲಿಲ್ಲ. ಕೊನೆಗೆ ಅಡುಗೆಯ ಭಟ್ಟರೇ ಉಪಾಯ ಹೂಡಿದರು. ಮಾವ ಇಂಜೆಕ್ಷನ್ ಚುಚ್ಚಿಕೊಂಡು ಬಂದು ಕೂತ ಕೂಡಲೇ ಒಂದು ತಟ್ಟೆ ಇಡ್ಲಿಯನ್ನು ಗಲ್ಲಾದ ಕೆಳಗೆ, ಗಿರಾಕಿಗಳಿಗೆ ಕಾಣದ ಹಾಗೆ ಇಟ್ಟುಬಿಡುವುದು. ಮಾವ ಕಳ್ಳನ ಹಾಗೆ ಬಗ್ಗಿ ಬಗ್ಗಿ ತಿನ್ನುತ್ತಿದ್ದರು. ನಮಗೆ ಯಾರಿಗೂ ಆ ಚಿಂತೆಯೇ ಇರಲಿಲ್ಲ. ಇಡೀ ದಿನ ಇಡ್ಲಿ ದೋಸೆಗಳ ನಡುವೆ ಕೂರುವ ಮನುಷ್ಯನನ್ನು "ತಿಂಡಿ ಆಯ್ತಾ?" ಎಂದು ಯಾರು ಕೇಳುತ್ತಾರೆ ಹೇಳಿ.

ಒಂದು ವರ್ಷ ದೀಪಾವಳಿಗೆ ಭಟ್ಟರೂ ಕೆಲಸದವರೂ ಊರಿಗೆ ಹೋಗಿ ಹೋಟೆಲು ಮುಚ್ಚಿತು. ಅತ್ತೆ ಬಿಡಲಿಲ್ಲ. "ಮದುವೆಯಾಗಿ ಬಂದು ನಾನು ಎಂತ ನೋಡಿದ್ದೇನೆ? ಪಂಚವಟಿ ಒಂದು, ನಿಮ್ಮ ಗ್ರೈಂಡರ್ ಒಂದು." ಹಾಗೆ ಬೆಳಕು ಹರಿಯುವ ಮೊದಲೇ ಪ್ರಜ್ವಲನ ಕಾರಿನಲ್ಲಿ ಸಂಭಾಜಿನಗರ ನೋಡಲು ಹೊರಟೆವು. ದಾರಿಯಲ್ಲಿ ತಿಂದರಾಯಿತೆಂದು ಮಾವ ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಂಡಿದ್ದರು.

ವೈಜಾಪುರ ದಾಟಿ ಒಂದು ಬೇವಿನ ಮರದಡಿ ಕಾರು ನಿಲ್ಲಿಸಿ ಇಡ್ಲಿ ಡಬ್ಬಿ ಬಿಚ್ಚಿದೆವು. ಬಡಿಸುವವರು ಯಾರು? ಮಾವನೇ. ನಮ್ಮ ಮಾತು ಕೇಳಿ, ರಸ್ತೆ ಕೆಲಸಕ್ಕೆ ಬಂದಿದ್ದ ಒಬ್ಬ ಹೆಂಗಸು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹತ್ತಿರ ಬಂದಳು.

"ನಮ್ ಕಡಿ ಮಂದಿ ಏನ್ರಿ? ಕನ್ನಡ ಕೇಳಿ ಬಂದ್ವಿರಿ."

ಮಾವನ ಮುಖ ಅರಳಿತು. "ಬನ್ನಿ ಬನ್ನಿ, ಯಜಮಾನರನ್ನೂ ಕರೀರಿ" ಎಂದು ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಅವರ ಕುಟುಂಬಕ್ಕೆ ಬಡಿಸಿ, ಚಟ್ನಿಯ ತಳವನ್ನೂ ಬಳಿದು ಹಾಕಿದರು. ನಾನು ಫೋನಿನಲ್ಲಿ ಮುಳುಗಿದ್ದೆ. ಅತ್ತೆ ಆ ಮಗುವಿನ ಕೆನ್ನೆ ಹಿಂಡುತ್ತಿದ್ದರು. ಖಾಲಿ ಡಬ್ಬಿ ಕಾರಿನ ಡಿಕ್ಕಿಗೆ ಹೋಯಿತು.

ಸಂಭಾಜಿನಗರದ ಬೀಬಿ ಕಾ ಮಕ್ಬರಾ ಗೋರಿಯಲ್ಲಿ ಜಾತ್ರೆಯಂಥ ಜನ. ನಾವು ಗುಮ್ಮಟ ನೋಡುತ್ತಿದ್ದರೆ ಮಾವ, "ಇಷ್ಟು ಜನ ನಿಂತೇ ಇದ್ದಾರಲ್ಲ, ಕೂರಿಸ್ಲಿಕ್ಕೆ ಯಾರೂ ಇಲ್ವಾ?" ಎಂದರು. ಪನ್‌ಚಕ್ಕಿಯಲ್ಲಿ ಮಾತ್ರ ಖುಷಿಯಾದರು. ನೀರಿನಿಂದಲೇ ಹಿಟ್ಟು ಬೀಸುತ್ತಿದ್ದರೆಂದು ಕೇಳಿ, "ಕರೆಂಟ್ ಬಿಲ್ಲೇ ಇಲ್ಲ!" ಎಂದು ಬಹಳ ಹೊತ್ತು ಅಲ್ಲೇ ನಿಂತರು. ಅಲ್ಲಿಂದ ಹೊರಬಿದ್ದ ಮೇಲೆ ಅವರ ಮಾತು ಕಡಿಮೆಯಾಯಿತು. ಅತ್ತೆ ಫೋಟೋಕ್ಕೆ ಕರೆದರೆ, "ಸುಮ್ನಿರು, ನಿಂದೊಂದು ರಗಳೆ!" ಎಂದು ಸಿಡುಕಿದರು. ಹೆಂಡತಿಯ ಮೇಲೆ ಅವರು ದನಿ ಏರಿಸಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅತ್ತೆಯ ಕಣ್ಣು ತುಂಬಿತು. ನನಗೆ ಮೈಯೆಲ್ಲ ಉರಿಯಿತು. ಒಂದು ದಿನ ಶಟರ್ ಎಳೆದದ್ದಕ್ಕೆ ಇಷ್ಟು ಸಂಕಟವೇ ಈ ಮನುಷ್ಯನಿಗೆ ಎಂದುಕೊಂಡೆ. ಊಟದ ಮಾತೆತ್ತಿದರೆ ಇನ್ನಷ್ಟು ಕಾವೇರುತ್ತದೆಂದು ಸುಮ್ಮನೆ ದೌಲತಾಬಾದ್ ಕೋಟೆಯ ಕಡೆ ಕಾರು ತಿರುಗಿಸಿದೆವು.

ಕೋಟೆಯ ಮೆಟ್ಟಿಲುಗಳನ್ನು ಮಾವ ಎಲ್ಲರಿಗಿಂತ ಮುಂದೆ, ಬಿರಬಿರನೆ ಹತ್ತಿದರು. ಅರ್ಧ ದಾರಿಯಲ್ಲಿ ಥಟ್ಟನೆ ನಿಂತರು. ಅಂಗಿ ತೊಯ್ದು ಬೆನ್ನಿಗೆ ಅಂಟಿತ್ತು, ಬೆರಳುಗಳು ನಡುಗುತ್ತಿದ್ದವು. ಮೇಲೇರುತ್ತಿದ್ದ ಜನರನ್ನು ನೋಡಿ ಜೋರಾಗಿ ಕೂಗಿದರು:

"ಮೂಲೆ ಟೇಬಲಿಗೆ ನೀರು ಕೊಡಿ! ಆಗಿಂದ ಕಾಯ್ತಾ ಇದ್ದಾರೆ, ಕಾಣುದಿಲ್ವಾ?"

ಯಾರೋ ನಕ್ಕರು. ಪ್ರಜ್ವಲ ಕೈ ಹಿಡಿದು, "ಬಾಬಾ, ಬಸಾ ನಾ" ಎಂದು ಕೂರಿಸಲು ಹೋದರೆ ಅವನನ್ನೇ ತಳ್ಳಿದರು. ಅತ್ತೆ ಗಂಡನ ಹಣೆ ಮುಟ್ಟಿ ನೋಡಿದರು. ತಣ್ಣಗೆ, ಬೆವರು.

"ಶುಗರ್ ಇಳಿದಿದೆ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಇವರು ತಿಂದದ್ದು ನೋಡಿದ್ರಾ ಯಾರಾದ್ರೂ?"

ನಾನು ಪ್ರಜ್ವಲನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಅಯ್ಯೋ ದೇವರೇ! ಮೂವರಲ್ಲಿ ಒಬ್ಬರೂ ನೋಡಿರಲಿಲ್ಲ.

ಮಾವ ಕುಸಿದು ಕಲ್ಲಿಗೊರಗಿದರು. ಸ್ವಲ್ಪ ಕೆಳಗೆ ನಿಂಬೆ ಶರಬತ್ತು ಮಾರುವ ಹೆಂಗಸೊಬ್ಬಳಿದ್ದಳು. ಪ್ರಜ್ವಲ ಮೆಟ್ಟಿಲು ಹಾರಿಕೊಂಡು ಓಡಿದ. ಅವಳು ಒಂದು ಲೋಟದ ತುಂಬ ಸಕ್ಕರೆ ಕದಡಿ ತಾನೇ ಅವನ ಹಿಂದೆ ಓಡಿ ಬಂದಳು. "ಘ್ಯಾ ತಾಯಿ, ಲವಕರ ಪಾಜಾ." ಬೇಗ ಕುಡಿಸಿ ಎಂದಳು. ಅತ್ತೆ ಲೋಟವನ್ನು ತುಟಿಗೆ ಹಿಡಿದರೆ ಮಾವ ಹಲ್ಲು ಕಚ್ಚಿ ಮುಖ ತಿರುಗಿಸಿದರು.

"ಗಿರಾಕಿ ಇದ್ದಾರೆ. ನನ್ನದು ಆಮೇಲೆ."

"ಹೋಯ್, ನಿಮ್ಮ ದಮ್ಮಯ್ಯ, ಒಂದು ಗುಟುಕು!" ಅತ್ತೆ ಅಳತೊಡಗಿದರು. ಲೋಟ ಅಲುಗಿ ಅರ್ಧ ಅವರ ಸೀರೆಯ ಮೇಲೆಯೇ ಚೆಲ್ಲಿತು. ಮಾವನ ಕಣ್ಣು ಮೇಲಕ್ಕೆ ಸರಿಯತೊಡಗಿತ್ತು. ಈಗ ಕುಡಿಯದಿದ್ದರೆ ಆಮೇಲೆ ನುಂಗಲೂ ಆಗದು ಎಂಬುದು ನನಗೆ ಗೊತ್ತಿತ್ತು. ಎಂಥ ಹೆದರಿಕೆ ಅದು! ಅಪ್ಪ ಹೋದಾಗ ನನಗೆ ತಿಳಿವಳಿಕೆ ಇರಲಿಲ್ಲ. ಇವರು ನನ್ನ ಕಣ್ಣೆದುರೇ ಹೋಗುತ್ತಿದ್ದರು.

ಅವರ ಕತ್ತು ಆಗಲೂ ಬಲಕ್ಕೇ ತಿರುಗಿತ್ತು. ನಾನು ಅತ್ತೆಯ ಕೈಯಿಂದ ಲೋಟ ಕಿತ್ತುಕೊಂಡು ಆ ಬದಿಗೆ ಹೋಗಿ ಕೂತೆ. ಹೋಟೆಲಿನಲ್ಲಿ ಮಧ್ಯಾಹ್ನ ಭಟ್ಟರು ವರದಿ ಒಪ್ಪಿಸುವ ದನಿಯಲ್ಲಿ ಹೇಳಿದೆ:

"ಮಾವ, ಹಾಲ್ ಖಾಲಿ. ಗಿರಾಕಿ ಎಲ್ಲ ಹೋದ್ರು. ಶಟರ್ ಎಳ್ದಾಯ್ತು."

"ಹುಡುಗರದ್ದು?"

"ಅವರದ್ದೂ ಆಯ್ತು. ಅತ್ತೆದ್ದು ಆಯ್ತು, ನನ್ನದೂ ಆಯ್ತು. ನಿಮ್ಮದೊಂದೇ ಬಾಕಿ."

ಮಾವ ಒಮ್ಮೆ ಆ ಜನಜಂಗುಳಿಯ ಮೇಲೆಲ್ಲ ಕಣ್ಣಾಡಿಸಿದರು. ಅವರಿಗೆ ಏನು ಕಂಡಿತೋ. ಬಾಯಿ ತೆರೆದರು. ಗುಟುಕು ಗುಟುಕಾಗಿ ಕುಡಿಸಿದೆ, ಶರಬತ್ತಿನವಳು ಇನ್ನೊಂದು ಲೋಟ ತಂದಳು. ನಿಧಾನವಾಗಿ ಅವರ ಮುಖಕ್ಕೆ ಬಣ್ಣ ಮರಳಿತು. ಬುದ್ಧಿ ತಿಳಿಯಾದಾಗ ಅವರು ಸುತ್ತ ನಿಂತವರನ್ನು ಕಂಡು ನಾಚಿ, "ಛೆ, ಇಷ್ಟು ಜನರ ಎದುರು ನಾನೊಬ್ನೇ ಕುಡಿದ್ನಾ?" ಎಂದರು. ಅತ್ತೆ ಅಳುತ್ತಲೇ ಬೈದರು, ಊರಿನ ಬೈಗುಳ ಒಂದನ್ನೂ ಬಾಕಿ ಉಳಿಸಲಿಲ್ಲ. ಕೋಟೆಯ ತುದಿಯನ್ನು ನಾವು ನೋಡಲೇ ಇಲ್ಲ.

ಆಮೇಲೆ ನನಗೆ ಕೆಲಸ ಸಿಕ್ಕಿತು, ಮದುವೆಯಾಗಿ ಪುಣೆಗೆ ಬಂದೆ. ದಿನಾ ಬೆಳಿಗ್ಗೆ ಫೋನ್ ಮಾಡಿ "ತಿಂದ್ರಾ?" ಎಂದು ಗದರುತ್ತಿದ್ದೆ. "ಆಯ್ತು ಮಾರಾಯ್ತಿ, ಆಯ್ತು" ಎನ್ನುತ್ತಿದ್ದರು. ಸುಳ್ಳು ಎಂದು ಅತ್ತೆ ಹಿಂದಿನಿಂದ ಕೂಗುತ್ತಿದ್ದರು. ಅಪ್ಪನಿಲ್ಲದವಳು ಎಂದು ನನಗೆ ಅನ್ನಿಸದ ಹಾಗೆ ನೋಡಿಕೊಂಡ ಮನುಷ್ಯನಿಗೆ ನಾನು ಕೊಟ್ಟದ್ದು ಆ ಗದರಿಕೆಯೊಂದೇ.

ಹೋದ ವರ್ಷ ಮಾವ ನಿದ್ದೆಯಲ್ಲೇ ತೀರಿಕೊಂಡರು. ಉತ್ತರಕ್ರಿಯೆಯ ದಿನ ಸತ್ತವರಿಗೆ ಮೊದಲು ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ನಿಲ್ಲುವುದು ನಮ್ಮ ಕಡೆಯ ಕ್ರಮ. ಭಟ್ಟರೇ ಬಡಿಸಿದರು. ನೆಂಟರು, ಕೆಲಸದವರು, ಹಳೆಯ ಗಿರಾಕಿಗಳು, ಮೆಟ್ಟಿಲಿನವರೆಗೂ ಜನ ಹಸಿದು ನಿಂತಿದ್ದರು. ಅತ್ತೆ ಮುಚ್ಚಿದ ಬಾಗಿಲಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಹೇಳಿದರು:

"ನಿಧಾನ ಉಣ್ಣಿ. ಹೊರಗೆ ಯಾರೂ ಕಾಯ್ತಾ ಇಲ್ಲ."