ಅತ್ತೆ ಕೇಳಿ ಪಡೆದ ಕುರ್ಚಿ

ನಾನು ಮದುವೆಯಾಗಿ ಅಂಕೋಲೆಯ ಕಡಲಂಚಿನ ಊರಿಗೆ ಬಂದ ವರ್ಷವೇ ಅತ್ತೆ ಗ್ರಾಮ ಪಂಚಾಯ್ತಿಗೆ ಆರಿಸಿಬಂದರು. ಹೆಂಗಸರಿಗೆ ಮೀಸಲಾದ ಸ್ಥಾನ. ನಾಮಪತ್ರ ಹಾಕಿಸಿದ್ದು, ಮನೆಮನೆ ತಿರುಗಿ ಮತ ಕೇಳಿದ್ದು ಮಾವನೇ. ಹಾಗಾಗಿ ಮೊದಲ ಸಭೆಯಲ್ಲಿ ಅವರೇ ಅತ್ತೆಯ ಕುರ್ಚಿಯಲ್ಲಿ ಕುಳಿತಾಗ ಯಾರಿಗೂ ವಿಚಿತ್ರವೆನಿಸಲಿಲ್ಲ. ಅತ್ತೆ ಕಚೇರಿಯ ಜಗಲಿಯಲ್ಲಿ ನಿಂತಿದ್ದರು. ಸಹಿಗೆ ಮಾತ್ರ ಅವರನ್ನು ಕರೆದರು.

ಸಂಜೆ ಬಸಳೆ ಸೋಸುತ್ತಾ ಅತ್ತೆ ಕೇಳಿದರು: “ನೀನು ಕಾರವಾರದಲ್ಲಿ ಕಾಲೇಜು ಕಲಿತವಳು. ನನ್ನನ್ನ ಆ ಕುರ್ಚಿಗೆ ಕರ್ದದ್ದು ಯಾರು? ನಿನ್ನ ಮಾವನಾ?”

ಪಾಠಕ್ಕೆಂದು ಕೊಂಡಿದ್ದ ಸಂವಿಧಾನದ ಕನ್ನಡ ಪ್ರತಿ ನನ್ನ ಟ್ರಂಕಿನಲ್ಲಿತ್ತು. ಪಂಚಾಯ್ತಿಗಳ ಭಾಗ ತೆಗೆದು ಓದಿದೆ. ಹೆಂಗಸರಿಗೆ ಮೂರನೇ ಒಂದಕ್ಕಿಂತ ಕಡಿಮೆಯಿಲ್ಲದಷ್ಟು ಸ್ಥಾನ ಎಂಬಲ್ಲಿ ಅತ್ತೆ ತಡೆದರು.

“ಗಂಡ ಕೂತ್ರೂ ಅಡ್ಡಿಲ್ಲ ಅಂತ ಎಲ್ಲಾದ್ರೂ ಬರ್ದಿದ್ರಾ?”

“ಇಲ್ಲ, ಅತ್ತೆ.”

“ಸರಿಯಾಗಿ ನೋಡು.”

“ಇಲ್ಲವೇ ಇಲ್ಲ.”

ಮುಂದಿನ ಸಭೆಗೆ ನಾನೂ ಜೊತೆಗೆ ಹೋದೆ. ಅತ್ತೆ ನೇರವಾಗಿ ಒಳನಡೆದು ಮಾವನ ಮುಂದೆ ನಿಂತರು. “ಏಳಿ. ಇದು ನಂದು.” ಮಾವ ನಕ್ಕರು. ಉಳಿದವರೂ ನಕ್ಕರು. ಅತ್ತೆ ಕದಲಲಿಲ್ಲ. ನಗು ನಿಂತಿತು, ಕಾರ್ಯದರ್ಶಿ ಫ್ಯಾನು ನೋಡುತ್ತಾ ಕುಳಿತರು. ಕೊನೆಗೆ ಮಾವ ಎದ್ದು ಹೊರನಡೆದರು. ಎಷ್ಟೋ ದಿನ ಮನೆಯಲ್ಲಿ ಅವರು ಮಾತಾಡಲಿಲ್ಲ. ಅತ್ತೆ ಅನ್ನ ಬಡಿಸುತ್ತಿದ್ದರು, ಸಭೆಗೂ ಹೋಗುತ್ತಿದ್ದರು. ಬೇಸಗೆಯಲ್ಲಿ ಬಾವಿಗಳು ಉಪ್ಪಾಗುವ ನಮ್ಮ ಕೇರಿಗೆ ಹಟಹಿಡಿದು ನಲ್ಲಿ ನೀರು ತರಿಸಿದವರು ಅವರೇ.

ಅವಧಿ ಮುಗಿದಾಗ ಮೀಸಲು ಸರದಿಯಂತೆ ಬೇರೆಡೆಗೆ ಹೋಗಿ, ಆ ಸ್ಥಾನ ಯಾರು ಬೇಕಾದರೂ ನಿಲ್ಲಬಹುದಾದ ಸಾಮಾನ್ಯ ಸ್ಥಾನವಾಯಿತು. “ಇನ್ನು ಹೆಂಗಸರದ್ದು ಮುಗೀತಲ್ಲ” ಎಂದರು ಊರವರು. ಅತ್ತೆ ಮೂರನೇ ಒಂದರ ಆ ಸಾಲನ್ನು ನನ್ನಿಂದ ಮತ್ತೆ ಓದಿಸಿದರು.

“ಕಡಿಮೆ ಆಗ್ಬಾರ್ದು ಅಂತ ಅದೆ. ಹೆಚ್ಚಾಗ್ಬಾರ್ದು ಅಂತ ಅದೆಯಾ?”

ಪರೀಕ್ಷೆಗೆಂದು ಅದನ್ನು ಬಾಯಿಪಾಠ ಮಾಡಿದ್ದ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ.

ಅವರು ಸಾಮಾನ್ಯ ಸ್ಥಾನಕ್ಕೇ ನಿಂತರು. ಈ ಸಲವೂ ಮನೆಮನೆ ತಿರುಗಿದ್ದು ಮಾವನೇ. “ನೀರು ತಂದವಳಿಗೆ ಹಾಕಿ” ಎಂದು ಕೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು. ಆದರೂ ಅತ್ತೆ ಸೋತರು. ನನಗೆ ಅಳು ಬಂತು, ಅವರಿಗೆ ಬರಲಿಲ್ಲ. “ಸೋತದ್ದು ನಾನು. ಬರ್ದದ್ದು ಹಾಗೇ ಅದೆ. ಮುಂದೆ ನೀನು ನಿಲ್ಲು.”

ಕೆಲವು ವರ್ಷಗಳಲ್ಲಿ, ಹೆಚ್ಚಿಸಲು ಅದೇ ಸಾಲು ಬಿಟ್ಟಿದ್ದ ಅವಕಾಶದಲ್ಲಿ, ನಮ್ಮ ರಾಜ್ಯ ಹೆಂಗಸರ ಪಾಲನ್ನು ಅರ್ಧಕ್ಕೇರಿಸಿತು. ನಾನು ಮೊದಲು ಮೀಸಲು ಸ್ಥಾನದಲ್ಲಿ ಗೆದ್ದೆ, ಆಮೇಲೆ ಸಾಮಾನ್ಯದಲ್ಲಿ. ಅತ್ತೆಗೀಗ ಕಣ್ಣು ಮಂಜು. ಆದರೂ ಗ್ರಾಮಸಭೆ ತಪ್ಪಿಸುವುದಿಲ್ಲ. ಮೊನ್ನೆ ನಾನು ಬೀದಿದೀಪದ ವಿಷಯಕ್ಕೆ ಏನೋ ಸಬೂಬು ಹೇಳಹೊರಟಾಗ, ಮುಂದಿನ ಸಾಲಿನಿಂದ ಎದ್ದುನಿಂತು ಎಲ್ಲರೆದುರೇ ಕೇಳಿದರು: “ಯಾವಾಗ ಆಗ್ತದೆ, ಅದು ಹೇಳು.”