ಗೂಡು ನೋಡುವ ಯಂತ್ರಕ್ಕೆ ಗುರು

ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳ ಸತ್ತಿದೆಯೋ ಇಲ್ಲವೋ ಹೇಳುವುದೇ ಹರಾಜಿನಲ್ಲಿ ಗೂಡು ಕೊಳ್ಳುವ ನನ್ನ ಬಂಡವಾಳ. ಗೂಡಿನ ಗುಣ ಅಳೆಯುವ ಯಂತ್ರ ಮಾಡುತ್ತಿದ್ದ ಕಂಪನಿಯಿಂದ ಒಬ್ಬ ಹೆಣ್ಣುಮಗಳು ಮಳವಳ್ಳಿಗೆ ಬಂದು, "ಯಂತ್ರಕ್ಕೆ ನೀವೇ ಗುರು, ಸಾರ್" ಎಂದಾಗ ನನಗೆ ಅನುಮಾನ ಬಂತು. ಯಂತ್ರ ಕಲಿತ ಮೇಲೆ ಗುರುವಿಗೇನು ಕೆಲಸ?

ಬೇಡ ಎಂದರೆ ಬೇರೆ ಯಾರನ್ನಾದರೂ ಹಿಡಿಯುತ್ತಾರೆ. ಅದಕ್ಕೇ ಒಪ್ಪಿಕೊಂಡು, ಆಕೆ ಇಟ್ಟ ಹತ್ತು ತಟ್ಟೆ ಗೂಡನ್ನೂ ಅಲ್ಲಾಡಿಸಿ, ಯಂತ್ರ ತಪ್ಪೇ ಕಲಿಯಲಿ ಎಂದು ಬಾಯಿಗೆ ಬಂದಂತೆ ಒಳ್ಳೆಯದು, ಕೆಟ್ಟದ್ದು ಎಂದು ಹೇಳುತ್ತಾ ಹೋದೆ. ಆಕೆ ತಲೆಬಗ್ಗಿಸಿ ಬರೆದುಕೊಂಡಳು.

ಕೊನೆಗೆ ಮೆಲ್ಲಗೆ ಅಂದಳು, "ಎರಡನೇ ತಟ್ಟೇಲೂ ಏಳನೇ ತಟ್ಟೇಲೂ ಇದ್ದದ್ದು ಒಂದೇ ರಾಶಿಯ ಗೂಡು, ಸಾರ್. ಪರೀಕ್ಷೆಗೆ ಅಂತ ಇಟ್ಟಿದ್ದೆ. ನೀವು ಒಂದು ಒಳ್ಳೇದು, ಒಂದು ಕೆಟ್ಟದ್ದು ಅಂದ್ರಿ."

ಪಕ್ಕದಲ್ಲಿದ್ದ ಸಿದ್ದಪ್ಪ ನಕ್ಕುಬಿಟ್ಟ. ಹರಾಜಿನಲ್ಲಿ ದಿನವೂ ನನಗೆ ಎದುರಾಗಿ ಬೆಲೆ ಏರಿಸುವವನು ಅವನು. "ವಯಸ್ಸಾಯ್ತು ಕಣವ್ವಾ, ಇವನ ಕಿವಿ ಮಂದ ಆಗೈತೆ. ಬುಡು ಅತ್ಲಾಗೆ."

"ಯಾರ ಕಿವಿ ಮಂದ ಆಗಿರೋದು? ತತ್ತಾ ಲೇ ಆ ತಟ್ಟೆಯ" ಎಂದು ಹತ್ತನ್ನೂ ಮತ್ತೆ ಮುಂದಕ್ಕೆಳೆದುಕೊಂಡೆ. ಯಾವುದರ ಹುಳ ಸತ್ತಿದೆ, ಯಾವುದರ ಸಿಪ್ಪೆ ತೆಳು, ಹಿಸುಕಿದಾಗ ಅದು ಬೆರಳಿಗೆ ಹೇಗೆ ತಿಳಿಯುತ್ತದೆ, ಎಲ್ಲವನ್ನೂ ಸಿದ್ದಪ್ಪನ ಬಾಯಿ ಮುಚ್ಚುವ ತನಕ ಬಿಡಿಸಿ ಹೇಳಿದೆ.

ತಿರುಗಿ ನೋಡಿದರೆ ಆಕೆಯ ಮೊಬೈಲು ನನ್ನ ಕಡೆಗೇ ಇತ್ತು, ಎಲ್ಲವೂ ರೆಕಾರ್ಡಾಗಿತ್ತು.

ಸಿದ್ದಪ್ಪನಿಗೂ ಅವಳಿಗೂ ಮೊದಲೇ ಪರಿಚಯವಿತ್ತೇ ಎಂಬ ಅನುಮಾನ ನನಗೆ ಈಗಲೂ ಇದೆ. ಅವನ ಬಾಯಿ ಮುಚ್ಚಿಸಿದ ಖುಷಿಯಲ್ಲಿ ಅವತ್ತು ಇಬ್ಬರಿಗೂ ಟೀ ಕುಡಿಸಿದವನು ಮಾತ್ರ ನಾನೇ.